ಭೂತಕಾಲದ ಇಂಗ್ಲಿಷ್ ಪ್ರಯೋಗಗಳೂ ಸಂಚಾರದ ಮಾತುಗಳೂ: ಕಾರ್ಗಲ್ ಸೀಮೆಯ ವಿದ್ಯಾರ್ಥಿಗಳನ್ನು ಕುರಿತು

ಚರಿತ್ರೆಯ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಇಂಗ್ಲಿಷ್ ವ್ಯಾಕರಣದ ವಿಷಯವನ್ನೆತ್ತಿಕೊಂಡುದಕ್ಕೆ ವಾಚಕರು ಆಶ್ಚರ್ಯಪಡಬಹುದು. ಅದು ಭಾಷಾವಿಭಾಗದವರ ಹೊಲ, ಅಲ್ಲಿ ನಾವು ನೇಗಿಲು ಹೂಡುವುದು ಉಚಿತವಲ್ಲವೆಂದು ಹೇಳುವವರೂ ಇರಬಹುದು. ಆದರೆ ಭೂತಕಾಲವೆಂಬುದು ಚರಿತ್ರಕಾರನ ಕಸುಬಿನ ಉಪಕರಣ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು, ಯಾವುದು ಒಮ್ಮೆ ಮಾತ್ರ ನಡೆಯಿತು, ಯಾವುದು ಬಹುಕಾಲ ನಡೆಯುತ್ತಿತ್ತು ಎಂಬ ವಿವೇಚನೆಯೇ ನಮ್ಮ ಶಾಸ್ತ್ರದ ಅರ್ಧಭಾಗ. ಕನ್ನಡದಲ್ಲಿ ಈ ವಿವೇಚನೆಯನ್ನು ಉಸಿರಾಡುವಷ್ಟು ಸಹಜವಾಗಿ ಮಾಡುವ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯತೊಡಗಿದೊಡನೆ ಅದನ್ನು ಕಳೆದುಕೊಳ್ಳುತ್ತಾನೆ. ಕಳೆದುಕೊಂಡುದು ಅವನಿಗೂ ಗೊತ್ತಾಗುವುದಿಲ್ಲ, ಅನೇಕ ವೇಳೆ ತಿದ್ದುವ ನಮಗೂ ಗೊತ್ತಾಗುವುದಿಲ್ಲ. ಈ ಲೇಖನಕ್ಕೆ ಕಾರಣವಾದುದು ಅಂಥ ಒಂದು ಪ್ರಸಂಗ.

ಶರಾವತಿಯ ಹಿನ್ನೀರಿನ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜಿಯ ಬಾಯಿಂದ ಮುಳುಗಡೆಯ ಕಾಲದ ವೃತ್ತಾಂತವನ್ನು ಬರೆದುಕೊಂಡು, ಅದನ್ನು ಇಂಗ್ಲಿಷಿಗೆ ತಿರುಗಿಸಿ ನಮಗೆ ಒಪ್ಪಿಸಿದನು. ಅಜ್ಜಿಯ ಮಾತು ಹೀಗಿತ್ತು: ‘ನಾವು ಲಾರಿ ಹತ್ತುವಷ್ಟರಲ್ಲಿ ಗದ್ದೆಗೆ ನೀರು ಬಂದಿತ್ತು.’ ಅವನ ಭಾಷಾಂತರ: ‘ವೆನ್ ವಿ ಕ್ಲೈಮ್ಡ್ ದ ಲಾರಿ, ವಾಟರ್ ಕೇಮ್ ಟು ದ ಫೀಲ್ಡ್.’ ನಾವು ಅದರಲ್ಲಿ ಒಂದೆರಡು ಉಪಪದಗಳನ್ನು ಸೇರಿಸಿ, ವಾಕ್ಯ ಸರಿಯಾಯಿತೆಂದು ಮುಂದಿನ ಪುಟಕ್ಕೆ ಹೋದೆವು. ಹುಡುಗನು ಊರಿಗೆ ಹೋದಾಗ ತಾನು ಬರೆದುದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ ತೋರಿಸಿದನಂತೆ: ‘ನಾವು ಲಾರಿ ಹತ್ತಿದಾಗ ನೀರು ಬಂತು.’ ಆಕೆ ಒಡನೆಯೇ ತಡೆದು, ‘ಅಲ್ಲ ಮಗಾ, ನೀರು ಆಮೇಲೆ ಬಂದದ್ದಲ್ಲ, ಮೊದಲೇ ಬಂದಿತ್ತು’ ಎಂದಳಂತೆ. ಜನರನ್ನು ಸಾಗಿಸಿದ ಮೇಲೆ ನೀರು ಏರಿತೋ, ನೀರು ಏರಿದ ಮೇಲೆ ಜನರನ್ನು ಸಾಗಿಸಿದರೋ ಎಂಬುದು ಮುಳುಗಡೆಯ ಚರಿತ್ರೆಯಲ್ಲಿ ಅಲ್ಪವಾದ ಪ್ರಶ್ನೆಯಲ್ಲ. ಆ ಪ್ರಶ್ನೆಗೆ ಒಬ್ಬ ಸಾಕ್ಷಿಯು ಸ್ಪಷ್ಟವಾಗಿ ಕೊಟ್ಟ ಉತ್ತರವನ್ನು ನಾವಿಬ್ಬರೂ ಸೇರಿ ‘ಹ್ಯಾಡ್’ ಎಂಬ ಒಂದು ಪದವನ್ನು ಬಿಟ್ಟು ತಲೆಕೆಳಗು ಮಾಡಿದ್ದೆವು. ವ್ಯಾಕರಣದಿಂದ ತಿಳಿಯದಿದ್ದ ತಪ್ಪು ಅಕ್ಷರವರಿಯದ ಮುದುಕಿಯಿಂದ ತಿಳಿಯಿತು.

ಅಂದಿನಿಂದ ಇಂಗ್ಲಿಷ್ ಭೂತಕಾಲದ ಪಾಠವನ್ನು ಸಂಚಾರದ ಮಾತುಗಳನ್ನು ಹಿಡಿದೇ ಹೇಳಿಕೊಡುವುದನ್ನು ನಾವು ರೂಢಿಸಿಕೊಂಡಿದ್ದೇವೆ. ಕಾರ್ಗಲ್, ತಾಳಗುಪ್ಪ, ಸಾಗರ, ಹೊಸನಗರಗಳ ಹುಡುಗರಿಗೆ ಇದಕ್ಕಿಂತ ಹತ್ತಿರದ ವಿಷಯ ಬೇರೊಂದಿಲ್ಲ. ಈ ಸೀಮೆಯಲ್ಲಿ ವಾಹನಗಳಿಗೂ ದಾರಿಗಳಿಗೂ ಇರುವಷ್ಟು ಭೂತಕಾಲ ಬಯಲುಸೀಮೆಯಲ್ಲಿ ದೊರೆಯುವುದು ಕಷ್ಟ. ಇಲ್ಲಿ ರಸ್ತೆಗಳು ನೀರಿನೊಳಗೆ ಹೋಗಿವೆ, ಅಣೆಕಟ್ಟಿನೊಳಗೆ ಅಣೆಕಟ್ಟು ಮುಳುಗಿದೆ, ರೈಲು ಬಂದು ನಿಂತು ಮತ್ತೆ ಬಂದಿದೆ.

ಸಂದರ್ಭಕ್ಕೆ ಬೇಕಾದಷ್ಟು ಚರಿತ್ರೆಯನ್ನು ಇಲ್ಲಿ ಹೇಳಬಹುದು. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಗೋವೆಯ ಪೋರ್ಚುಗೀಸರ ರಾಯಭಾರದ ಸಂಗಡ ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟು, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಹೊಳೆಯಲ್ಲಿ ದೋಣಿಯ ಮೇಲೆ ಬಂದು, ಅಲ್ಲಿಂದ ಘಟ್ಟವನ್ನೇರಿ ಇಕ್ಕೇರಿಯನ್ನು ಮುಟ್ಟಿದನು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಭಾಗವನ್ನು ಹಾದುಹೋದನು. ಅವನ ಪ್ರವಾಸಗ್ರಂಥ ೧೮೦೭ರಲ್ಲಿ ಅಚ್ಚಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಶಿವಮೊಗ್ಗದಿಂದ ಹೊರಟ ಮೀಟರ್‌ಗೇಜ್ ರೈಲುದಾರಿಯು ಅರಸಾಳು, ಆನಂದಪುರ, ಸಾಗರಗಳ ಮೂಲಕ ಹಂತಹಂತವಾಗಿ ಮುಂದುವರಿದು ೧೯೪೦ರ ಸುಮಾರಿಗೆ ತಾಳಗುಪ್ಪಕ್ಕೆ ಬಂದಿತು. ಜೋಗದ ವಿದ್ಯುದಾಗಾರವು ೧೯೪೮ರಲ್ಲಿ ಕೆಲಸಕ್ಕೆ ತೊಡಗಿತು. ಅದಕ್ಕೆ ನೀರೊದಗಿಸಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ೧೮೧೯ ಅಡಿಯ ಮಟ್ಟದವರೆಗೆ ನೀರು ನಿಲ್ಲುವ ವ್ಯವಸ್ಥೆಯಾದಾಗ ಹಿರೇಭಾಸ್ಕರವೂ ಅನೇಕ ಊರುಗಳೂ ಅದರೊಳಗೆ ಸೇರಿದವು. ಕಾರ್ಗಲ್ ಪಟ್ಟಣ ಬೆಳೆದುದೂ ಈ ಯೋಜನೆಯ ಕೆಲಸಗಾರರಿಂದಲೇ. ಹೊಳೆಯ ಆಚೆ ಉಳಿದ ತುಮರಿಯ ಕಡೆಯ ಜನರಿಗೆ ಹೊಳೆಬಾಗಿಲಿನ ಲಾಂಚು ದಶಕಗಳ ಕಾಲ ಹೆದ್ದಾರಿಯಾಗಿತ್ತು. ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆಯಾಯಿತು.

ಈಗ ವ್ಯಾಕರಣಕ್ಕೆ ಬರೋಣ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಭೂತಕಾಲಕ್ಕೆ ‘ದ’ ಎಂಬುದನ್ನೂ, ಭವಿಷ್ಯತ್ತಿಗೆ ‘ವ’ ಎಂಬುದನ್ನೂ, ವರ್ತಮಾನಕ್ಕೆ ‘ದಪ’ ಎಂಬುದನ್ನೂ ಪ್ರತ್ಯಯಗಳಾಗಿ ಹೇಳಿರುವನು. ಈ ‘ದ’ಕಾರವು ಇಂದಿಗೂ ನಮ್ಮ ಕ್ರಿಯಾಪದಗಳಲ್ಲಿ ನಾನಾ ವೇಷಗಳಲ್ಲಿ ನಿಂತಿದೆ: ಇಳಿದನು, ಬಂದನು, ಹೋದನು ಎಂಬಲ್ಲಿ ತನ್ನ ರೂಪದಲ್ಲಿಯೇ ಇದೆ, ಹೊರಟನು, ನಿಂತನು, ಇಟ್ಟನು ಎಂಬಲ್ಲಿ ಮಾರ್ಪಟ್ಟಿದೆ. ಇಂಗ್ಲಿಷಿನ ‘ಗೋ’ ಎಂಬುದು ‘ವೆಂಟ್’ ಆಗುವುದೇಕೆ, ‘ರೈಡ್’ ಎಂಬುದು ‘ರೋಡ್’ ಆಗುವುದೇಕೆ ಎಂದು ಗೊಣಗುವ ವಿದ್ಯಾರ್ಥಿಗೆ, ‘ನಿಲ್ಲು’ ಎಂಬುದು ‘ನಿಲ್ಲಿದನು’ ಆಗದೆ ‘ನಿಂತನು’ ಏಕಾಯಿತೆಂದು ನಾವು ಕೇಳುವುದುಂಟು. ಅವನು ನಗುತ್ತಾನೆ. ನಾಲ್ಕು ವರ್ಷದ ಮಗುವಾಗಿದ್ದಾಗ ಅವನೂ ಇಂಥ ತಪ್ಪುರೂಪಗಳನ್ನು ಆಡಿ, ತಾಯಿಯಿಂದ ತಿದ್ದಿಸಿಕೊಂಡಿರಬೇಕು. ‘ವೆಂಟ್’ ಎಂಬುದಾದರೋ ‘ವೆಂಡ್’ ಎಂಬ ಬೇರೊಂದು ಧಾತುವಿನ ಭೂತರೂಪ. ‘ಗೋ’ ಅದನ್ನು ಎರವಲು ಪಡೆದು ತನ್ನದಾಗಿಸಿಕೊಂಡಿದೆ. ಇಂಥ ರೂಪಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುವುದೇ ಸುಲಭೋಪಾಯ. ದೆಲ್ಲಾ ವಾಲ್ಲೆಯು ಇಕ್ಕೇರಿಯ ಈ ಪ್ರಯಾಣದಲ್ಲಿಯೇ ಒಂದು ಗುಡಿಯ ಜಗಲಿಯಲ್ಲಿ ಬಾಲಕರು ಪಾಠವನ್ನು ರಾಗವಾಗಿ ಹೇಳುತ್ತ ನೆಲದ ಮರಳಿನ ಮೇಲೆ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಮೆಚ್ಚಿ ಬರೆದಿದ್ದಾನೆ. ನಾಲ್ಕು ಶತಮಾನಗಳ ಮೇಲೆಯೂ ಆ ಕ್ರಮವನ್ನು ಹಳತೆಂದು ತಳ್ಳಲು ನಮಗೆ ಮನಸ್ಸು ಬಾರದು: ಗೋ–ವೆಂಟ್–ಗಾನ್, ಡ್ರೈವ್–ಡ್ರೋವ್–ಡ್ರಿವನ್, ರೈಡ್–ರೋಡ್–ರಿಡನ್, ಟೇಕ್–ಟುಕ್–ಟೇಕನ್, ಕ್ಯಾಚ್–ಕಾಟ್–ಕಾಟ್. ದಾರಿಯ ಮೇಲೆ ಬೇಕಾಗುವ ಇಂಥ ಕ್ರಿಯಾಪದಗಳು ಬಹಳವಿಲ್ಲ.

ಕ್ರಮಬದ್ಧವಾದ ಧಾತುಗಳಲ್ಲಿ ಉಚ್ಚಾರಣೆಯ ತೊಡಕೊಂದಿದೆ. ಬರಹದಲ್ಲಿ ಒಂದೇ ಆಗಿ ಕಾಣುವ ಭೂತಪ್ರತ್ಯಯವು ಬಾಯಲ್ಲಿ ಮೂರು ಬಗೆಯಾಗುವುದು. ‘ಸ್ಟಾಪ್ಟ್’ ಎಂಬಲ್ಲಿ ‘ಟ್’, ‘ಅರೈವ್ಡ್’ ಎಂಬಲ್ಲಿ ‘ಡ್’, ‘ವೇಟೆಡ್’, ‘ಬೋರ್ಡೆಡ್’ ಎಂಬಲ್ಲಿ ಮಾತ್ರ ಸ್ವರಸಹಿತವಾದ ‘ಎಡ್’. ಸ್ವರಾಂತವಾದ ಮಾತುಗಳಿಗೆ ಒಗ್ಗಿದ ನಮ್ಮ ನಾಲಗೆ ಎಲ್ಲ ಕಡೆಯೂ ಒಂದು ಸ್ವರವನ್ನು ತುರುಕಿ ‘ಸ್ಟಾಪೆಡ್’ ಎನ್ನುವುದು. ಇದನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ನಾಲ್ಕು ದಿನದ ಅಭ್ಯಾಸದಿಂದ ಹೋಗುವ ದೋಷ.

ಹೋಗದಿರುವ ದೋಷ ಬೇರೆಯದು. ಇಂಗ್ಲಿಷಿನಲ್ಲಿ ನಡೆದುಹೋದುದನ್ನು ಹೇಳುವ ಮುಖ್ಯ ರೂಪಗಳನ್ನು ನಮ್ಮ ಹಳೆಯ ಪಠ್ಯಗಳ ಮಾತಿನಲ್ಲಿ ಸಾಮಾನ್ಯಭೂತ, ಆಸನ್ನಭೂತ, ಪೂರ್ಣಭೂತ, ಅಪೂರ್ಣಭೂತ ಎಂದು ಕರೆಯಬಹುದು. ಕನ್ನಡದಲ್ಲಿಯೂ ಹೋದೆನು, ಹೋಗಿದ್ದೇನೆ, ಹೋಗಿದ್ದೆನು, ಹೋಗುತ್ತಿದ್ದೆನು ಎಂಬ ನಾಲ್ಕು ರೂಪಗಳಿವೆ. ನಾಲ್ಕಕ್ಕೆ ನಾಲ್ಕು ಸರಿಹೋಯಿತೆಂದು ಮೇಷ್ಟರು ಹಲಗೆಯ ಮೇಲೆ ಎದುರುಬದುರಾಗಿ ಬರೆದುಬಿಡುತ್ತಾರೆ. ಅಪಾಯ ಹುಟ್ಟುವುದು ಅಲ್ಲಿಯೇ. ರೂಪಗಳು ಜೋಡಿಯಾಗುತ್ತವೆ, ಬಳಕೆಗಳು ಜೋಡಿಯಾಗುವುದಿಲ್ಲ.

ಕಾರ್ಗಲ್ಲಿನವನೊಬ್ಬನು ಸಾಗರಕ್ಕೆ ಹೋಗಿ, ಕೆಲಸ ಮುಗಿಸಿ, ಸಂಜೆಯ ಬಸ್ಸಿಗೆ ಹಿಂದಿರುಗಿದನೆನ್ನೋಣ. ಮರುದಿನ ನೆರೆಯವನು ಕೇಳಿದರೆ ಅವನು ‘ನಿನ್ನೆ ಸಾಗರಕ್ಕೆ ಹೋಗಿದ್ದೆ’ ಎನ್ನುವನೇ ಹೊರತು ‘ಹೋದೆ’ ಎನ್ನುವುದಿಲ್ಲ. ‘ಹೋದೆ’ ಎಂದರೆ ಕೇಳುವವನು ಮುಂದೇನಾಯಿತೆಂದು ಕಾಯುತ್ತಾನೆ, ಅದು ಕತೆಯ ಆರಂಭ. ‘ಹೋಗಿದ್ದೆ’ ಎಂದರೆ ಹೋದುದೂ ಆಯಿತು, ಬಂದುದೂ ಆಯಿತು, ಈಗ ಇಲ್ಲಿದ್ದೇನೆ. ಎಷ್ಟು ಮಿತವಾದ ಮಾತು! ಆದರೆ ಅದೇ ಅಚ್ಚಿನಲ್ಲಿ ಎರಕಹೊಯ್ದ ‘ಐ ಹ್ಯಾಡ್ ಗಾನ್ ಟು ಸಾಗರ ಯೆಸ್ಟರ್‌ಡೇ’ ಎಂಬ ಇಂಗ್ಲಿಷ್ ವಾಕ್ಯದಲ್ಲಿ ಈ ಅರ್ಥವಿಲ್ಲ. ಇಂಗ್ಲಿಷಿನ ‘ಹ್ಯಾಡ್’ ತಾನೊಂದೇ ನಿಲ್ಲಲಾರದು. ಅದಕ್ಕೆ ಭೂತಕಾಲದಲ್ಲಿಯೇ ಇರುವ ಇನ್ನೊಂದು ಘಟನೆಯ ಆಸರೆ ಬೇಕು. ಯಾವುದಕ್ಕಿಂತ ಮೊದಲು ಎಂಬ ಪ್ರಶ್ನೆಗೆ ಉತ್ತರವಿದ್ದಲ್ಲಿ ಮಾತ್ರ ಅದು ಸಲ್ಲುವುದು. ಆದುದರಿಂದ ಸಾಗರದಿಂದ ಹಿಂದಿರುಗಿದವನು ‘ಐ ವೆಂಟ್ ಟು ಸಾಗರ ಯೆಸ್ಟರ್‌ಡೇ’ ಎಂದಷ್ಟೇ ಹೇಳಬೇಕು. ಕನ್ನಡದ ಕಿವಿಗೆ ಇದು ಅರ್ಧಕ್ಕೆ ನಿಂತ ಮಾತಿನಂತೆ ಕೇಳಿಸುವುದು. ಹಾಗೆ ಕೇಳಿಸಿದರೂ ಅದೇ ಸರಿ.

ವಿಚಿತ್ರವೆಂದರೆ, ಬೇಡವಾದಲ್ಲಿ ‘ಹ್ಯಾಡ್’ ಎಂಬುದನ್ನು ಧಾರಾಳವಾಗಿ ಬಳಸುವ ವಿದ್ಯಾರ್ಥಿಯೇ ಬೇಕಾದಲ್ಲಿ ಅದನ್ನು ಬಿಡುತ್ತಾನೆ. ಅಜ್ಜಿಯ ವಾಕ್ಯದಲ್ಲಿ ಆದುದು ಅದೇ. ಕನ್ನಡದಲ್ಲಿ ‘ರೈಲು ಹೊರಟಿತು’ ಎಂಬುದಕ್ಕೂ ‘ರೈಲು ಹೊರಟಿತ್ತು’ ಎಂಬುದಕ್ಕೂ ಬರಹದಲ್ಲಿ ಒಂದು ಒತ್ತಕ್ಷರದ ವ್ಯತ್ಯಾಸ. ಆದರೆ ನಿಲ್ದಾಣಕ್ಕೆ ಓಡೋಡಿ ಬಂದವನಿಗೆ ಅದು ರೈಲು ಸಿಕ್ಕುವ, ತಪ್ಪುವ ವ್ಯತ್ಯಾಸ. ‘ವೆನ್ ವಿ ರೀಚ್ಡ್ ತಾಳಗುಪ್ಪ, ದ ಟ್ರೇನ್ ಲೆಫ್ಟ್’ ಎಂದರೆ ನಾವು ಮುಟ್ಟಿದೊಡನೆ, ನಮ್ಮ ಕಣ್ಣೆದುರಿಗೇ ರೈಲು ಹೊರಟಿತು. ‘ವೆನ್ ವಿ ರೀಚ್ಡ್ ತಾಳಗುಪ್ಪ, ದ ಟ್ರೇನ್ ಹ್ಯಾಡ್ ಲೆಫ್ಟ್’ ಎಂದರೆ ನಮ್ಮ ಪಾಲಿಗೆ ಕಂಡುದು ಬರಿಯ ಹಳಿ. ಈ ಎರಡು ವಾಕ್ಯಗಳನ್ನು ಹೇಳಿ, ವಿದ್ಯಾರ್ಥಿಯು ಕಂಬಿಯ ಪಕ್ಕದಲ್ಲಿ ನಿಂತು ಏನನ್ನು ಕಂಡನೆಂದು ಕೇಳುವುದು ನಮ್ಮ ಪದ್ಧತಿ. ‘ವಷ್ಟರಲ್ಲಿ’ ಎಂದು ಕನ್ನಡದಲ್ಲಿ ಬಂದು, ಮುಂದೆ ‘ಇತ್ತು’ ಎಂದು ವಾಕ್ಯ ಮುಗಿದರೆ ಅಲ್ಲಿ ಇಂಗ್ಲಿಷಿನ ‘ಬೈ ದ ಟೈಮ್’ ಮತ್ತು ‘ಹ್ಯಾಡ್’ ಎರಡೂ ಬರಬೇಕೆಂಬುದನ್ನು ಒಂದು ಸೂತ್ರವಾಗಿಯೇ ಕೊಟ್ಟರೂ ದೋಷವಿಲ್ಲ.

ಆಸನ್ನಭೂತದ ತೊಡಕು ಇದಕ್ಕೆ ವಿರುದ್ಧವಾದುದು. ‘ನಿನ್ನೆಯ ರಾತ್ರಿ ಬಸ್ಸಿಗೆ ಬಂದಿದ್ದಾನೆ’ ಎಂಬುದು ನಿರ್ದುಷ್ಟವಾದ ಕನ್ನಡ. ಬಂದವನು ಇನ್ನೂ ಮನೆಯಲ್ಲಿದ್ದಾನೆಂಬುದು ಅದರ ಧ್ವನಿ. ‘ಬಂದು’ ಮತ್ತು ‘ಇದ್ದಾನೆ’ ಎಂಬ ಎರಡು ಮಾತುಗಳು ಕೂಡಿಯೇ ಆದ ರೂಪವಲ್ಲವೆ? ಇಂಗ್ಲಿಷಿನಲ್ಲಿಯಾದರೋ ‘ಹ್ಯಾಸ್ ಕಮ್’ ಎಂಬುದರ ಪಕ್ಕದಲ್ಲಿ ‘ಯೆಸ್ಟರ್‌ಡೇ’ ಎಂಬ ಮುಗಿದುಹೋದ ದಿನ ಕುಳಿತುಕೊಳ್ಳಲಾರದು. ದಿನವನ್ನು ಹೇಳಿದರೆ ‘ಕೇಮ್’ ಎನ್ನಬೇಕು. ‘ಹ್ಯಾಸ್ ಕಮ್’ ಎನ್ನಬೇಕಾದರೆ ದಿನವನ್ನು ಬಿಡಬೇಕು. ‘ಹಿರೇಭಾಸ್ಕರ ಅಣೆಕಟ್ಟು ೧೯೬೪ರಿಂದ ನೀರಿನಲ್ಲಿದೆ’ ಎಂಬ ವಾಕ್ಯದಲ್ಲಿ ಮತ್ತೊಂದು ಬಲೆಯಿದೆ. ನಮ್ಮ ‘ಇದೆ’ ಎಂಬ ವರ್ತಮಾನವನ್ನು ನೋಡಿ ವಿದ್ಯಾರ್ಥಿಗಳು ‘ಈಸ್ ಅಂಡರ್ ವಾಟರ್ ಸಿನ್ಸ್’ ಎಂದು ಬರೆಯುತ್ತಾರೆ. ಅಂದು ತೊಡಗಿ ಇಂದಿನವರೆಗೆ ನಡೆದುಬಂದುದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಸ್ ಬೀನ್’ ಎಂಬ ಆಸನ್ನಭೂತವೇ ಬೇಕು. (ಮಳೆ ಕಡಿಮೆಯಾದ ವರ್ಷಗಳ ಬೇಸಗೆಯಲ್ಲಿ ಆ ಅಣೆಕಟ್ಟು ನೀರಿನ ಮೇಲೆ ತಲೆಯೆತ್ತುವುದುಂಟು, ಆಗ ನೋಡಲು ಹೋಗುವ ಜನರಲ್ಲಿ ನಮ್ಮ ವಿದ್ಯಾರ್ಥಿಗಳೂ ಇರುತ್ತಾರೆ. ವ್ಯಾಕರಣಕ್ಕೆ ಅದರಿಂದ ಬಾಧೆಯಿಲ್ಲ.)

ಇಂಥ ಗೊಂದಲದಲ್ಲಿ ನಮಗೆ ಬಹಳ ನೆರವಾದುದು ಕನ್ನಡದ ನಿಷೇಧರೂಪ. ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ‘ಬಸ್ಸು ಬಂದಿಲ್ಲ’ ಎಂದರೆ ಇನ್ನೂ ಆಸೆಯಿದೆ, ಬರಬಹುದು. ‘ಬಸ್ಸು ಬರಲಿಲ್ಲ’ ಎಂದರೆ ಆಸೆ ಮುಗಿಯಿತು, ನಡೆದು ಹೊರಡಬೇಕು. ‘ನಾನು ಹೋದಾಗ ಬಸ್ಸು ಬಂದಿರಲಿಲ್ಲ’ ಎಂದರೆ ಆಮೇಲೆ ಬಂದಿತು. ಮಲೆನಾಡಿನ ಯಾವ ಮಗುವೂ ಈ ಮೂರನ್ನು ಒಂದರ ಬದಲು ಇನ್ನೊಂದಾಗಿ ಆಡುವುದಿಲ್ಲ. ಇಂಗ್ಲಿಷಿನ ‘ಹ್ಯಾಸ್ ನಾಟ್ ಕಮ್’, ‘ಡಿಡ್ ನಾಟ್ ಕಮ್’, ‘ಹ್ಯಾಡ್ ನಾಟ್ ಕಮ್’ ಎಂಬ ಮೂರು ಇವಕ್ಕೆ ಕ್ರಮವಾಗಿ ಸರಿಹೊಂದುತ್ತವೆ. ಆದ್ದರಿಂದ ಸಂದೇಹ ಬಂದಲ್ಲಿ ವಾಕ್ಯವನ್ನು ನಿಷೇಧಕ್ಕೆ ತಿರುಗಿಸಿ ನೋಡೆಂದು ಹೇಳುತ್ತೇವೆ. ಈ ಪರೀಕ್ಷೆ ಎಲ್ಲ ಕಡೆಯೂ ನಡೆಯದೆಂಬುದನ್ನು ಒಪ್ಪಿಕೊಳ್ಳಬೇಕು. ‘ನಿನ್ನೆ ಹೋಗಿರಲಿಲ್ಲ’ ಎಂಬ ಮಾತೂ ಜನರ ಬಾಯಲ್ಲಿದೆ. ಆದರೂ ಹತ್ತರಲ್ಲಿ ಕೆಲವು ಕಡೆಯಾದರೂ ದಾರಿ ತೋರುವ ಊರುಗೋಲನ್ನು ಎಸೆಯಬೇಕಾಗಿಲ್ಲ.

ಅದೇ ನಿಷೇಧದಲ್ಲಿ ಇನ್ನೊಂದು ಪ್ರಯೋಜನವುಂಟು. ‘ಡಿಡ್ ನಾಟ್ ಕೇಮ್’ ಎಂಬ ತಪ್ಪನ್ನು ಬಿಡಿಸಲು ಎಷ್ಟೋ ಉಪಾಧ್ಯಾಯರು ಬೆತ್ತವನ್ನೂ ಬಳಸಿದ್ದಾರೆ. ಕನ್ನಡವನ್ನು ತೋರಿಸಿದರೆ ಸಾಕು. ನಾವು ‘ಬರಲಿಲ್ಲ’ ಎನ್ನುತ್ತೇವೆ. ಅಲ್ಲಿ ಧಾತು ಭೂತರೂಪಕ್ಕೆ ಹೋಗದೆ ‘ಬರಲ್’ ಎಂದೇ ನಿಂತಿದೆ. ‘ಬಂದಲಿಲ್ಲ’ ಎಂದು ಯಾರಾದರೂ ಅನ್ನುತ್ತಾರೆಯೇ? ‘ಡಿಡ್ ನಾಟ್ ಕೇಮ್’ ಎಂಬುದು ಇಂಗ್ಲಿಷಿನವನ ಕಿವಿಗೆ ‘ಬಂದಲಿಲ್ಲ’ ಎಂಬಂತೆ ಕೇಳುವುದೆಂದು ಹೇಳಿದಾಗ ಇಡೀ ತರಗತಿ ನಗುತ್ತದೆ. ಆ ನಗುವಿನ ಮೇಲೆ ತಪ್ಪು ವಿರಳವಾಗುವುದನ್ನು ನಾವು ಕಂಡಿದ್ದೇವೆ.

‘ಹೋಗುತ್ತಿದ್ದೆವು’ ಎಂಬ ರೂಪದಲ್ಲಿ ಚರಿತ್ರಕಾರನಿಗೆ ಹೆಚ್ಚಿನ ಎಚ್ಚರಿಕೆ ಬೇಕು. ‘ಲಾಂಚಿನಲ್ಲಿ ಹೋಗುತ್ತಿದ್ದೆವು’ ಎಂಬುದಕ್ಕೆ ಎರಡು ಅರ್ಥಗಳಿವೆ: ಒಂದು ದಿನ ಒಂದು ಗಳಿಗೆಯಲ್ಲಿ ನಾವು ಲಾಂಚಿನ ಮೇಲಿದ್ದೆವು ಎಂಬುದೊಂದು; ಆ ಕಾಲದಲ್ಲಿ ಲಾಂಚೇ ನಮ್ಮ ರೂಢಿಯಾಗಿತ್ತು ಎಂಬುದೊಂದು. ಕನ್ನಡದಲ್ಲಿ ಸಂದರ್ಭವೇ ಅರ್ಥವನ್ನು ತಿಳಿಸುವುದು. ಇಂಗ್ಲಿಷಿನಲ್ಲಿ ಮೊದಲನೆಯದು ‘ವಿ ವರ್ ಗೋಯಿಂಗ್’, ಎರಡನೆಯದು ‘ವಿ ಯೂಸ್ಡ್ ಟು ಗೋ’. ಹಿರಿಯರು ಹೇಳುವ ಹಳೆಯ ಬದುಕಿನ ವರ್ಣನೆಯೆಲ್ಲವೂ ಬಹುಮಟ್ಟಿಗೆ ಎರಡನೆಯ ಬಗೆಯದು: ಗಾಡಿಯಲ್ಲಿ ಅಡಕೆ ಸಾಗಿಸುತ್ತಿದ್ದರು, ಹೊಳೆಯನ್ನು ದೋಣಿಯಲ್ಲಿ ದಾಟುತ್ತಿದ್ದರು, ಜಾತ್ರೆಗೆ ನಡೆದೇ ಹೋಗುತ್ತಿದ್ದರು. ಇವನ್ನೆಲ್ಲ ‘ವರ್ ಗೋಯಿಂಗ್’, ‘ವರ್ ಕ್ರಾಸಿಂಗ್’ ಎಂದು ಬರೆದರೆ ಒಂದು ತಲೆಮಾರಿನ ಜೀವನಕ್ರಮ ಒಂದು ಮಧ್ಯಾಹ್ನದ ಘಟನೆಯಾಗಿ ಕುಗ್ಗುವುದು. ಓದುವವನು ಆ ಮಧ್ಯಾಹ್ನ ಏನಾಯಿತೆಂದು ಮುಂದೆ ಹುಡುಕುತ್ತಾನೆ; ಏನೂ ಆಗಿರುವುದಿಲ್ಲ.

ಇನ್ನು ವಾಕ್ಯರಚನೆ. ‘ತುಮರಿಯಿಂದ ಹೊರಟು, ಕಡವಿಗೆ ಬಂದು, ಲಾಂಚು ಹತ್ತಿ, ಹೊಳೆ ದಾಟಿ, ಬಸ್ಸು ಹಿಡಿದು ಸಾಗರ ಮುಟ್ಟಿದೆವು.’ ಇಲ್ಲಿ ಆರು ಕೆಲಸಗಳಿವೆ, ಕಾಲವನ್ನು ತಿಳಿಸುವ ಪದ ಒಂದೇ, ಅದೂ ಕೊನೆಯಲ್ಲಿ. ಮೊದಲಿನ ಐದೂ ಆ ಕೊನೆಯ ಕ್ರಿಯಾಪದದ ಬಂಡಿಗೆ ಕಟ್ಟಿಕೊಂಡು ಬರುತ್ತವೆ. ಇಂಗ್ಲಿಷಿನಲ್ಲಿ ಪ್ರತಿಯೊಂದೂ ತನ್ನ ಕಾಲವನ್ನು ತಾನೇ ಹೊರಬೇಕು: ಲೆಫ್ಟ್, ಕೇಮ್, ಗಾಟ್ ಆನ್, ಕ್ರಾಸ್ಡ್, ಕಾಟ್, ರೀಚ್ಡ್. ನಮ್ಮ ವಿದ್ಯಾರ್ಥಿಗಳು ಮೊದಲಿನ ಐದನ್ನು ವರ್ತಮಾನದಲ್ಲಿ ಬಿಟ್ಟು, ಕೊನೆಯದನ್ನು ಮಾತ್ರ ಭೂತಕ್ಕೆ ತರುವುದು ಅಜ್ಞಾನದಿಂದಲ್ಲ, ಕನ್ನಡದ ನಿಷ್ಠೆಯಿಂದ. ಈ ವಿಷಯದಲ್ಲಿ ಬುಕಾನನ್ನನ ದಿನಚರಿ ಒಳ್ಳೆಯ ಪಠ್ಯವಾಗುವುದು. ಅವನು ದಿನದಿನಕ್ಕೆ ತಾರೀಖು ಹಾಕಿ, ಇಂತಿಷ್ಟು ದೂರ ಇಂಥ ಊರಿಗೆ ಹೋದೆನೆಂದು ಸಾಮಾನ್ಯಭೂತದಲ್ಲಿಯೇ ತೊಡಗುತ್ತಾನೆ. ಸೊಗಸಿನ ಬರಹವಲ್ಲ, ಆದರೆ ಕಾಲದ ವಿಷಯದಲ್ಲಿ ನಿಚ್ಚಳವಾದ ಬರಹ. ತಮ್ಮ ಊರಿನ ಹೆಸರು ವಿಕಾರವಾದ ಕಾಗುಣಿತದಲ್ಲಿ ಕಂಡಾಗ ಹುಡುಗರಿಗೆ ಆಗುವ ಸಂತೋಷವೂ ಪಾಠಕ್ಕೆ ಸಹಾಯಕವೇ.

ಪದಗಳ ಮಾತು ಸ್ವಲ್ಪ ಹೇಳಬೇಕು. ಸಂಚಾರಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಹೊಸದಾಗಿ ಕಲಿಸಬೇಕಾದ ಅಗತ್ಯ ಕಡಿಮೆ. ಬಸ್ಸು, ರೈಲು, ಲಾರಿ, ಲಾಂಚು, ಟಿಕೀಟು, ಸ್ಟೇಷನ್ನು, ಟ್ರಾಲಿ ಎಲ್ಲವೂ ಆಗಲೇ ಮನೆಯೊಳಗೆ ಬಂದು ಕುಳಿತಿವೆ. ಜೋಗದಲ್ಲಿ ವಿದ್ಯುದಾಗಾರಕ್ಕೆ ಇಳಿಯುವ ಕಡಿದಾದ ಹಳಿಯ ಮೇಲಿನ ಟ್ರಾಲಿಯನ್ನು ಬಲ್ಲ ಕಾರ್ಗಲ್ಲಿನ ಮನೆಗಳಲ್ಲಿ ಆ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ‘ಬಸ್’ ಎಂಬುದು ‘ಎಲ್ಲರಿಗೂ’ ಎಂಬರ್ಥದ ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದ ಬಾಲ. ಅಂದರೆ ಬರಿಯ ಚತುರ್ಥೀ ವಿಭಕ್ತಿಪ್ರತ್ಯಯ. ಅದಕ್ಕೆ ನಾವು ಮತ್ತೊಂದು ಚತುರ್ಥಿಯನ್ನು ಹಚ್ಚಿ ‘ಬಸ್ಸಿಗೆ’ ಎನ್ನುತ್ತೇವೆ. ಹೆಚ್ಚಿನ ಚಕ್ರಕ್ಕೆ ನಮ್ಮ ಚಾಲಕರು ಹೇಳುವ ‘ಸ್ಟೆಪ್ನಿ’ ಎಂಬ ಪದವು ವೇಲ್ಸ್ ದೇಶದ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯ ಹೆಸರು. ೧೯೦೪ರಲ್ಲಿ ಡೇವಿಸ್ ಸಹೋದರರು ಅಲ್ಲಿ ಅಂಥ ಚಕ್ರವನ್ನು ತಯಾರಿಸಿದರು. ಇಂಗ್ಲೆಂಡಿನಲ್ಲಿ ಇಂದು ಆ ಪದವನ್ನಾಡಿದರೆ ಬಹುಮಂದಿಗೆ ತಿಳಿಯದು. ‘ಸ್ಪೇರ್ ವ್ಹೀಲ್’ ಎನ್ನಬೇಕು. ಕಂಡಕ್ಟರರ ‘ಹೋಲ್ಡಾನ್’, ‘ರೈಟ್’ ಎಂಬ ಕೂಗುಗಳೂ ಇಂಗ್ಲಿಷಿನವೇ ಆಗಿದ್ದು, ಇಲ್ಲಿ ಪಡೆದ ಅರ್ಥವನ್ನು ಅಲ್ಲಿ ಉಳಿಸಿಕೊಂಡಿಲ್ಲ. ಎರವಲು ಪದಗಳ ವಿಷಯದಲ್ಲಿ ವಿದ್ಯಾರ್ಥಿಗೆ ಇರುವ ಕಷ್ಟ ಅಪರಿಚಯದ್ದಲ್ಲ, ಅತಿಪರಿಚಯದ್ದು.

ಕಲಿಯಬೇಕಾದುದು ಕ್ರಿಯಾಪದಗಳ ಬಳಕೆಯನ್ನು. ಕನ್ನಡದ ‘ಹತ್ತು’, ‘ಇಳಿ’ ಎಂಬ ಎರಡೇ ಮಾತುಗಳು ಬಸ್ಸು, ಕಾರು, ದೋಣಿ, ಕುದುರೆ ಎಲ್ಲಕ್ಕೂ ಸಾಕು. ಇಂಗ್ಲಿಷಿನಲ್ಲಿ ನಿಂತು ನಡೆದಾಡಬಹುದಾದ ಬಸ್ಸು ರೈಲುಗಳಿಗೂ, ಮೇಲೆ ಕೂರುವ ಕುದುರೆ ಸೈಕಲ್ಲುಗಳಿಗೂ ‘ಗೆಟ್ ಆನ್’, ‘ಗೆಟ್ ಆಫ್’. ಬಗ್ಗಿ ಒಳಹೊಕ್ಕು ಕೂರುವ ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್’. ನಾವು ‘ಇಳಿ’ ಎಂಬುದರ ಜಾಡು ಹಿಡಿದು ಎಲ್ಲ ಕಡೆಯೂ ‘ಗೆಟ್ ಡೌನ್’ ಎನ್ನುತ್ತೇವೆ. ‘ಬಸ್ಸು ತಪ್ಪಿತು’ ಎಂಬಲ್ಲಿ ತಪ್ಪು ಬಸ್ಸಿನದು. ‘ಐ ಮಿಸ್ಡ್ ದ ಬಸ್’ ಎಂಬಲ್ಲಿ ತಪ್ಪು ನನ್ನದು. ‘ಬಸ್ಸು ಸಿಕ್ಕಿತು’ ಎಂದರೆ ಅದು ಒಲಿದು ಬಂದಂತೆ. ‘ಐ ಕಾಟ್ ದ ಬಸ್’ ಎಂದರೆ ಓಡಿ ಹಿಡಿದಂತೆ. ದಿನಕ್ಕೆ ಎರಡೋ ಮೂರೋ ಬಸ್ಸುಗಳನ್ನು ಕಂಡ ಊರುಗಳಿಗೆ ನಮ್ಮ ಪ್ರಯೋಗವೇ ಹೆಚ್ಚು ನ್ಯಾಯವಾದುದೆಂದು ನಮ್ಮ ಅಭಿಪ್ರಾಯ. ‘ಡ್ರೈವ್’ ಎಂಬುದರಲ್ಲಿ ಮಾತ್ರ ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆದಿವೆ: ಮೊದಲು ದನಗಳನ್ನು ಹೊಡೆಯುವುದಕ್ಕೆ ಹೇಳುತ್ತಿದ್ದ ಮಾತು ಗಾಡಿಗೂ ಸಂದಿತು, ಇಂಗ್ಲಿಷಿನಲ್ಲಿ ಅದು ಮೋಟಾರಿನವರೆಗೂ ಬಂದಿದೆ.

ಅರಸಾಳಿನ ನಿಲ್ದಾಣವನ್ನು ಕುರಿತು ಒಂದು ಮಾತು. ಆರ್. ಕೆ. ನಾರಾಯಣರ ಇಂಗ್ಲಿಷ್ ಕತೆಗಳ ಆಧಾರದಿಂದ ಶಂಕರನಾಗ್ ಅವರು ತಯಾರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ (೧೯೮೬) ಮ್ಯಾಲ್ಗುಡಿಯ ರೈಲು ನಿಲ್ದಾಣವಾಗಿ ತೋರಿದುದು ಅದೇ. ೨೦೨೦ರಿಂದ ಹಳೆಯ ಕಟ್ಟಡ ಒಂದು ವಸ್ತುಸಂಗ್ರಹಾಲಯವಾಗಿದೆ. ಮೀಟರ್‌ಗೇಜಿನ ದಾರಿಯನ್ನು ಬ್ರಾಡ್‌ಗೇಜಿಗೆ ಪರಿವರ್ತಿಸಿ, ೨೦೧೧ರಲ್ಲಿ ತಾಳಗುಪ್ಪಕ್ಕೆ ಮತ್ತೆ ರೈಲು ಬಂದಿತು. ಈ ನಾಲ್ಕು ಸಂಗತಿಗಳನ್ನು ಇಂಗ್ಲಿಷಿನಲ್ಲಿ ಒಂದೇ ಕಂಡಿಕೆಯಾಗಿ ಬರೆಯಬೇಕಾದರೆ ಭೂತಕಾಲದ ರೂಪಗಳೆಲ್ಲವೂ ಬೇಕಾಗುತ್ತವೆ. ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ನಾವು ಕೊಡುವ ಅಭ್ಯಾಸಗಳಲ್ಲಿ ಇದೇ ಕಠಿಣವಾದುದು.

ಸುಲಭವಾದುದು ಲಾಂಚಿನ ಅಭ್ಯಾಸ. ಸೇತುವೆಯಾಗುವವರೆಗೆ ಆ ಕಡೆಯ ವಿದ್ಯಾರ್ಥಿಗಳು ‘ವಿ ಗೋ ಬೈ ಲಾಂಚ್’ ಎಂದು ವರ್ತಮಾನದಲ್ಲಿಯೇ ಬರೆಯುತ್ತಿದ್ದರು. ೨೦೨೫ರ ಜುಲೈ ಕಳೆದ ಮೇಲೆ ಅದೇ ವಾಕ್ಯವನ್ನು ‘ಯೂಸ್ಡ್ ಟು’ ಎಂದು ತಿದ್ದಬೇಕಾಯಿತು. ಬಹುಮಂದಿ ಸಂತೋಷದಿಂದಲೇ ತಿದ್ದಿದರು. ರಾತ್ರಿಯ ಹೊತ್ತು ರೋಗಿಯನ್ನು ದಡದಲ್ಲಿ ಕೂರಿಸಿಕೊಂಡು ಕಾದ ಮನೆಯವರಿಗೆ ಲಾಂಚಿನ ವರ್ತಮಾನ ಭೂತವಾದುದರಲ್ಲಿ ದುಃಖವೇನೂ ಇಲ್ಲ. ಒಬ್ಬಳು ವಿದ್ಯಾರ್ಥಿನಿ ಮಾತ್ರ, ಇಂಗ್ಲಿಷಿನಲ್ಲಿ ‘ಯೂಸ್ಡ್ ಟು’ ಎಂದೊಡನೆ ಈಗ ಇಲ್ಲವೆಂಬುದೂ ಅದರೊಳಗೇ ಬಂದುಬಿಡುತ್ತದೆಯೇ ಎಂದು ಕೇಳಿದಳು. ಬಹುತೇಕ ಬರುತ್ತದೆ. ಕನ್ನಡದ ‘ಹೋಗುತ್ತಿದ್ದೆವು’ ಅಷ್ಟು ಖಂಡಿತವಾಗಿ ಬಾಗಿಲು ಹಾಕುವುದಿಲ್ಲ.

ಅಜ್ಜಿಯ ವಾಕ್ಯವನ್ನು ನಾವು ಆಮೇಲೆ ‘ಬೈ ದ ಟೈಮ್ ವಿ ಗಾಟ್ ಇನ್‌ಟು ದ ಲಾರಿ, ದ ವಾಟರ್ ಹ್ಯಾಡ್ ಕಮ್ ಇನ್‌ಟು ದ ಫೀಲ್ಡ್ಸ್’ ಎಂದು ತಿದ್ದಿಸಿದೆವು. ಆ ಪ್ರಬಂಧದಲ್ಲಿ ಅದೊಂದೇ ಅಲ್ಲ, ಹೇಳಿಕೆಗಳ ಭಾಷಾಂತರವೆಲ್ಲವನ್ನೂ ಮತ್ತೆ ನೋಡಬೇಕಾಯಿತು. ಇನ್ನೂ ಕೆಲವು ಕಡೆಗಳಲ್ಲಿ ‘ಇತ್ತು’ ಎಂಬುದು ಕಳೆದುಹೋಗಿತ್ತು. ಈಗ ನಮ್ಮಲ್ಲಿ ಬಾಯಿಮಾತಿನ ಸಾಕ್ಷ್ಯವನ್ನು ಇಂಗ್ಲಿಷಿನಲ್ಲಿ ಒಪ್ಪಿಸುವವರೆಲ್ಲರೂ ಬಲಪುಟದಲ್ಲಿ ಭಾಷಾಂತರವನ್ನೂ, ಎಡಪುಟದಲ್ಲಿ ಹೇಳಿದವರ ಕನ್ನಡವನ್ನು ಕ್ರಿಯಾಪದಗಳ ಕೆಳಗೆ ಗೆರೆಯೆಳೆದು ಯಥಾವತ್ತಾಗಿಯೂ ಬರೆಯಬೇಕೆಂದು ಗೊತ್ತುಮಾಡಿದ್ದೇವೆ. ಒಪ್ಪಿಸುವ ಮೊದಲು ಭಾಷಾಂತರವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ, ಹೇಳಿದವರು ಬದುಕಿದ್ದರೆ ಅವರಿಗೇ ಓದಿ ಹೇಳಬೇಕು.